ತನ್ನ ನೋವು, ಪರರ ನೋವು: ಮಂಡ್ಯ ಸೀಮೆ ಮತ್ತು ಭೈಷಜ್ಯದಾನದ ಜೈನ ಪರಂಪರೆ

ಹೊಯ್ಸಳರ ಕಾಲದ ಜೈನಶಾಸನಗಳು ದಾನಿಗಳನ್ನು ವರ್ಣಿಸುವಾಗ ಮತ್ತೆ ಮತ್ತೆ ಬಳಸುವ ವಿಶೇಷಣವೊಂದಿದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ನಿರತರಾದವರು ಎಂಬುದೇ ಅದು. ಇವುಗಳಲ್ಲಿ ಶಾಸ್ತ್ರದಾನದ ಕುರಿತು ಕನ್ನಡ ಸಾಹಿತ್ಯಚರಿತ್ರೆ ವಿಸ್ತಾರವಾಗಿಯೇ ಮಾತನಾಡಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಹೆಸರು ಶಾಲಾಮಕ್ಕಳಿಗೂ ಗೊತ್ತು. ಆಹಾರದಾನಕ್ಕೆ ಬಸದಿಗಳ ದತ್ತಿಶಾಸನಗಳೇ ಸಾಕ್ಷಿ. ಆದರೆ ಭೈಷಜ್ಯದಾನ, ಅಂದರೆ ರೋಗಿಗೆ ಔಷಧವನ್ನು ದಾನವಾಗಿ ಕೊಡುವುದು, ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಶಾಸನದ ಪ್ರಶಸ್ತಿಭಾಗದ ರೂಢಿಯ ಮಾತೆಂದು ಅದನ್ನು ದಾಟಿಹೋಗುವುದೇ ಹೆಚ್ಚು.

ಅಲ್ಲಿ ಒಂದು ಗಂಭೀರವಾದ ಪ್ರಶ್ನೆಯಿದೆ. ದೇಹದ ನೋವನ್ನು ಸಮಭಾವದಿಂದ ಸಹಿಸಬೇಕೆಂದು ಬೋಧಿಸಿದ ಧರ್ಮವು, ನೋವನ್ನು ನೀಗಿಸುವ ಔಷಧವನ್ನು ನಾಲ್ಕು ಮಹಾದಾನಗಳಲ್ಲಿ ಒಂದಾಗಿ ಏಕೆ ಎಣಿಸಿತು? ಈ ಪ್ರಶ್ನೆಗೆ ಉತ್ತರ ಹುಡುಕಲು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಸೀಮೆ ತಕ್ಕ ಕ್ಷೇತ್ರವಾಗಿದೆ. ಶ್ರವಣಬೆಳಗೊಳದ ನೆರೆಯಲ್ಲಿರುವ ಈ ನೆಲದಲ್ಲಿ ಗಂಗರ ಕಾಲದ ಬಸದಿಗಳಿವೆ, ಹೊಯ್ಸಳ ದಂಡನಾಯಕರ ದತ್ತಿಗಳಿವೆ. ಮನೆಯಂಗಳದ ಗಿಡಮೂಲಿಕೆಯಿಂದ ಹಿಡಿದು ಇಂದಿನ ನೋವುನಿವಾರಕ ಗುಳಿಗೆಯವರೆಗಿನ ಚರಿತ್ರೆಯೂ ಇದೆ.

ಸಿದ್ಧಾಂತದ ಎರಡು ಮುಖ

ಜೈನ ಆಚಾರಶಾಸ್ತ್ರದಲ್ಲಿ ಮುನಿಯು ಗೆಲ್ಲಬೇಕಾದ ಪರೀಷಹಗಳು 22. ಹಸಿವು, ಬಾಯಾರಿಕೆ, ಚಳಿ, ಸೆಖೆಗಳಂತೆಯೇ ರೋಗವೂ ಅವುಗಳಲ್ಲಿ ಒಂದು. ಕಾಯಿಲೆ ಬಂದಾಗ ಮುನಿಯು ಔಷಧವನ್ನು ಯಾಚಿಸುವಂತಿಲ್ಲ. ದಿನಕ್ಕೊಮ್ಮೆ ಆಹಾರ ಸ್ವೀಕರಿಸುವ ವೇಳೆಯಲ್ಲಿ ಶ್ರಾವಕರು ಅರಿತು ಕೊಟ್ಟರೆ ಮಾತ್ರ ಔಷಧವೂ ಆಹಾರದೊಡನೆ ಸಲ್ಲುತ್ತದೆ. ಹೀಗಾಗಿ ಬೇಡದವನ ನೋವನ್ನು ಕಂಡುಕೊಳ್ಳುವ ಹೊಣೆ ಕೊಡುವವನ ಮೇಲೆ ಬೀಳುತ್ತದೆ. ಭೈಷಜ್ಯವು ದಾನವಾಗುವುದು ಇಲ್ಲಿಯೇ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ದುಃಖ, ಶೋಕ, ತಾಪ, ಆಕ್ರಂದನ ಮೊದಲಾದವುಗಳನ್ನು ಹೆಸರಿಸುತ್ತದೆ. ಅವನ್ನು ಪರರಲ್ಲಿ ಉಂಟುಮಾಡುವುದರ ಜೊತೆಗೆ ತನ್ನಲ್ಲಿ ಉಂಟುಮಾಡಿಕೊಳ್ಳುವುದನ್ನೂ ಸೇರಿಸಿ ಹೇಳಿರುವುದು ಗಮನಾರ್ಹ. ಪ್ರಾಣಿಗಳ ಮೇಲಿನ ಅನುಕಂಪ ಮತ್ತು ದಾನಗಳು ಸಾತಾವೇದನೀಯಕ್ಕೆ ಕಾರಣಗಳು. ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ವೇದನೆಯನ್ನೇ ನೆನೆನೆನೆದು ಕೊರಗುವುದು ಆರ್ತಧ್ಯಾನದ ಒಂದು ಪ್ರಕಾರವೆನಿಸಿದೆ. ತಲೆ ಸಿಡಿಯುತ್ತಿರುವಾಗ, ಮಂಡಿ ಹಿಡಿದುಕೊಂಡಿರುವಾಗ ಸಾಮಾನ್ಯ ಗೃಹಸ್ಥನ ಮನಸ್ಸು ಸ್ವಾಧ್ಯಾಯದಲ್ಲಿ ನಿಲ್ಲುವುದಿಲ್ಲ ಎಂಬ ಅನುಭವದ ಮಾತು ಈ ಸೂತ್ರದ ಹಿಂದಿದೆ. ರೋಗಿಯಾದ ಸಾಧುವಿನ ಶುಶ್ರೂಷೆಗೆ ವೈಯಾವೃತ್ತ್ಯ ಎಂಬ ಹೆಸರಿದ್ದು, ಅದನ್ನು ಆರು ಆಭ್ಯಂತರ ತಪಸ್ಸುಗಳಲ್ಲಿ ಎಣಿಸಲಾಗಿದೆ. ನೋಯುವ ಕಾಲನ್ನು ಒತ್ತುವುದೂ ತಪಸ್ಸೇ.

ಸಲ್ಲೇಖನದ ನಿಯಮವೂ ಇದಕ್ಕೆ ಪೂರಕವಾಗಿದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದ ಸ್ಥಿತಿಗೆ ಬಂದಾಗ ಮಾತ್ರ ಸಲ್ಲೇಖನವನ್ನು ಒಪ್ಪುತ್ತದೆ. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರ ಮಾಡಬೇಕು ಎಂಬುದು ಅದರ ಅಂತರಾರ್ಥ. ಸಮಂತಭದ್ರರ ಜೀವನಕಥೆಯೇ ಇದಕ್ಕೆ ನಿದರ್ಶನ. ಭಸ್ಮಕ ರೋಗದಿಂದ ನರಳಿದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪದೆ, ರೋಗವನ್ನು ನೀಗಿಸಿಕೊಂಡು ಮತ್ತೆ ದೀಕ್ಷೆ ಪಡೆಯುವಂತೆ ಹೇಳಿದರೆಂದು ಪರಂಪರೆ ಹೇಳುತ್ತದೆ. ತನ್ನ ನೋವನ್ನು ಸಹಿಸುವ ಶಕ್ತಿಯನ್ನು ಬೆಳೆಸಿಕೊಳ್ಳಬೇಕು, ಪರರ ನೋವನ್ನು ಕಂಡು ಸುಮ್ಮನಿರಬಾರದು: ಈ ಎರಡನ್ನೂ ಒಟ್ಟಿಗೆ ನಡೆಸಿದ ಸಮಾಜವೊಂದು ಈ ಸೀಮೆಯಲ್ಲಿತ್ತು.

ಶಾಸನಗಳ ನೆಲ

ಶ್ರೀರಂಗಪಟ್ಟಣದ ಬಳಿ ಕಾವೇರಿಯ ಉತ್ತರ ದಡದಲ್ಲಿರುವ ಗೌತಮಕ್ಷೇತ್ರದಲ್ಲಿ ದೊರೆತ, ಸುಮಾರು 900ರ ಕಾಲದ ಎರಡು ಶಾಸನಗಳು ಕಳ್ಬಪ್ಪು ಬೆಟ್ಟದ ಶಿಖರವನ್ನು ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳ ಪಾದಚಿಹ್ನೆಗಳಿಂದ ಕೂಡಿದ್ದೆಂದು ಬಣ್ಣಿಸುತ್ತವೆ. ಕಾವೇರಿಯ ತೀರದ ಜನರ ಮನಸ್ಸಿನಲ್ಲಿ ಕಳ್ಬಪ್ಪು, ಅಂದರೆ ಇಂದಿನ ಚಂದ್ರಗಿರಿ, ದೇಹದ ಕಷ್ಟವನ್ನು ಗೆದ್ದವರ ಬೆಟ್ಟವಾಗಿ ನೆಲೆಗೊಂಡಿತ್ತೆಂಬುದು ಇದರಿಂದ ತಿಳಿಯುತ್ತದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ ಗಂಗರ ಕಾಲದ ಶಿಲ್ಪಕ್ಕೆ ಹೆಸರಾದದ್ದು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಅರಸನಿಂದ ಪಡೆದ ಬಿಂಡಿಗನವಿಲೆಯನ್ನು 1118ರಲ್ಲಿ ಜಿನಪೂಜೆಗಾಗಿ ದತ್ತಿ ಬಿಟ್ಟದ್ದು ಅಲ್ಲಿಯ ಶಾಸನದಿಂದ ತಿಳಿಯುತ್ತದೆ. ಕೃಷ್ಣರಾಜಪೇಟೆಗೆ ಸಮೀಪದ ಹೊಸಹೊಳಲಿನಲ್ಲಿ ಅದೇ ಕಾಲದಲ್ಲಿ ನೊಳಬಿಸೆಟ್ಟಿಯ ಪತ್ನಿ ದೇಮಿಕಬ್ಬೆ ತ್ರಿಕೂಟ ಜಿನಾಲಯವನ್ನು ಕಟ್ಟಿಸಿದಳು.

ಗಂಗರಾಜನ ಮನೆತನದ ಹೆಣ್ಣುಮಕ್ಕಳಲ್ಲಿ ಈ ಪರಂಪರೆಯ ಎರಡೂ ಮುಖಗಳು ಒಟ್ಟಾಗಿ ಕಾಣುತ್ತವೆ. ಅವನ ಪತ್ನಿ ಲಕ್ಷ್ಮೀಮತಿ ಶ್ರವಣಬೆಳಗೊಳದ ಎರಡುಕಟ್ಟೆ ಬಸದಿಯನ್ನು ಮಾಡಿಸಿದವಳು. ಚತುರ್ವಿಧ ದಾನಗಳಿಗಾಗಿ ಶಾಸನವು ಅವಳನ್ನು ಕೊಂಡಾಡುತ್ತದೆ. ಅವಳ ಸೋದರಿ ದೇಮತಿಯೂ ಹಸಿದವರಿಗೆ ಅನ್ನ, ಅಂಜಿದವರಿಗೆ ಅಭಯ, ರೋಗಿಗಳಿಗೆ ಔಷಧ, ಅರಿವನ್ನು ಬಯಸಿದವರಿಗೆ ಶಾಸ್ತ್ರ ಕೊಟ್ಟವಳೆಂದು ಪ್ರಶಂಸೆ ಪಡೆದಿದ್ದಾಳೆ. ದೇಮತಿ 1120ರಲ್ಲಿ, ಲಕ್ಷ್ಮೀಮತಿ 1121ರಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಬದುಕಿದ್ದಾಗ ಇತರರ ನೋವಿಗೆ ಮದ್ದು ಹಂಚಿದವರು ತಮ್ಮ ಕೊನೆಯನ್ನು ಮದ್ದಿಲ್ಲದೆ ಎದುರಿಸಿದರು. ಶಾಸನ ಬರೆಸಿದವರಿಗೆ ಇದರಲ್ಲಿ ವಿರೋಧ ಕಾಣಲಿಲ್ಲ; ಒಂದೇ ಕಲ್ಲಿನಲ್ಲಿ ಎರಡನ್ನೂ ಗುಣವೆಂದೇ ಕೆತ್ತಿಸಿದರು.

ಇದೇ ಕಾಲದ ಮತ್ತೊಂದು ಕಥೆ ಪಾಂಡವಪುರ ತಾಲ್ಲೂಕಿನ ತೊಣ್ಣೂರಿಗೆ ಸೇರಿದ್ದು. ಬಿಟ್ಟಿದೇವನ ಮಗಳನ್ನು ಹಿಡಿದ ಗ್ರಹಬಾಧೆಯನ್ನು ಜೈನರು ಬಿಡಿಸಲಾರದೆ ಹೋದಾಗ ರಾಮಾನುಜರು ಗುಣಪಡಿಸಿದರೆಂದೂ, ಅದರಿಂದ ಅರಸ ವೈಷ್ಣವನಾದನೆಂದೂ ಶ್ರೀವೈಷ್ಣವ ಗುರುಪರಂಪರೆ ಹೇಳುತ್ತದೆ. ಇತಿಹಾಸದ ದೃಷ್ಟಿಯಿಂದ ಈ ಕಥೆಯನ್ನು ಹಾಗೆಯೇ ಒಪ್ಪುವುದು ಕಷ್ಟ. ರಾಣಿ ಶಾಂತಲೆ ಕೊನೆಯವರೆಗೂ ಜಿನಭಕ್ತೆಯಾಗಿದ್ದಳು. 1133ರಲ್ಲಿ ಗಂಗರಾಜನ ಮಗ ಬೊಪ್ಪನು ಹಳೇಬೀಡಿನಲ್ಲಿ ಬಸದಿ ಕಟ್ಟಿಸಿದಾಗ ವಿಷ್ಣುವರ್ಧನನು ಆ ದೇವರಿಗೆ ವಿಜಯಪಾರ್ಶ್ವನೆಂಬ ಹೆಸರಿಟ್ಟು ಗೌರವಿಸಿದನು. ಆದರೂ ಕಥೆಯ ರಚನೆ ಅರ್ಥಪೂರ್ಣವಾಗಿದೆ. ಧರ್ಮಗಳ ಹಿರಿಮೆಯನ್ನು ಅಳೆಯಲು ಆ ಕಾಲದ ಜನ ಬಳಸಿದ ಅಳತೆಗೋಲುಗಳಲ್ಲಿ ನರಳುವವರನ್ನು ಗುಣಪಡಿಸುವ ಶಕ್ತಿಯೂ ಒಂದಾಗಿತ್ತು.

ವೈದ್ಯಗ್ರಂಥಗಳು ಮತ್ತು ವಾತದ ಸಮಸ್ಯೆ

ಜೈನ ಪರಂಪರೆಯಲ್ಲಿ ವೈದ್ಯಕ್ಕೆ ಪ್ರಾಣಾವಾಯ ಎಂಬ ಹೆಸರಿದೆ. ಹದಿನಾಲ್ಕು ಪೂರ್ವಗಳಲ್ಲಿ ಅದು ಹನ್ನೆರಡನೆಯದು. ಈ ಶಾಖೆಯ ಮುಖ್ಯಗ್ರಂಥ ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಕಲ್ಯಾಣಕಾರಕ. ಸಮಂತಭದ್ರ, ಪೂಜ್ಯಪಾದ, ಸಿದ್ಧಸೇನ ಮೊದಲಾದ ಹಿಂದಿನವರನ್ನು ಅವರು ಸ್ಮರಿಸುತ್ತಾರೆ. ಗ್ರಂಥದ ಕೊನೆಗೆ ಸೇರಿಸಿದ ಹಿತಾಹಿತಾಧ್ಯಾಯವು ಔಷಧದಲ್ಲಿ ಮಾಂಸದ ಬಳಕೆಯನ್ನು ಖಂಡಿಸುವ ವಾದ. ನೃಪತುಂಗನ ಸಭೆಯಲ್ಲಿ, ವೈದ್ಯರೂ ವಿದ್ವಾಂಸರೂ ನೆರೆದಿದ್ದಾಗ ಅದನ್ನು ಮಂಡಿಸಲಾಯಿತೆಂದು ಗ್ರಂಥವೇ ಹೇಳುತ್ತದೆ. ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಹೆಸರಿನ ಕಲ್ಯಾಣಕಾರಕವನ್ನು ಕನ್ನಡಿಸಿ ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದನು. ಅಲ್ಲಿಯ ಚಿಕಿತ್ಸೆ ಸಂಪೂರ್ಣವಾಗಿ ಮದ್ಯಮಾಂಸವರ್ಜಿತವಾದುದು.

ಈ ನಿಷೇಧದ ಭಾರವನ್ನು ತಿಳಿಯಬೇಕಾದರೆ ನೋವಿನ ಚಿಕಿತ್ಸೆಯನ್ನೇ ನೋಡಬೇಕು. ಆಯುರ್ವೇದದಲ್ಲಿ ಶೂಲೆ, ಸೆಳೆತ, ಸಂಧಿನೋವುಗಳಿಗೆಲ್ಲ ಮೂಲ ವಾತ. ವಾತದ ಶಮನಕ್ಕೆ ಸ್ನೇಹ, ಸ್ವೇದಗಳು ಮುಖ್ಯ. ಚರಕಸಂಹಿತೆಯು ಹೇಳುವ ನಾಲ್ಕು ಮಹಾಸ್ನೇಹಗಳು ತುಪ್ಪ, ತೈಲ, ವಸೆ ಮತ್ತು ಮಜ್ಜೆ. ಕೊನೆಯ ಎರಡೂ ಪ್ರಾಣಿಗಳ ಕೊಬ್ಬು ಮತ್ತು ಎಲುಬಿನ ಮಜ್ಜೆ. ಇವುಗಳ ಜೊತೆಗೆ ವಾತರೋಗಿಗೆ ಮಾಂಸರಸವೂ ಪಥ್ಯ. ಹೀಗಾಗಿ ಬೇರಾವ ರೋಗಕ್ಕಿಂತ ಹೆಚ್ಚಾಗಿ ನೋವಿನ ಚಿಕಿತ್ಸೆಯಲ್ಲಿಯೇ ಜೈನ ವೈದ್ಯನ ವ್ರತ ಪರೀಕ್ಷೆಗೆ ಒಳಗಾಗುತ್ತಿತ್ತು. ಒಂದು ಜೀವದ ನೋವನ್ನು ಇನ್ನೊಂದು ಜೀವದ ನೋವಿನಿಂದ ನೀಗಿಸಬಾರದೆಂದರೆ ಅವನ ಕೈಯಲ್ಲಿ ಉಳಿಯುವುದು ತುಪ್ಪ, ಎಣ್ಣೆ, ಸೊಪ್ಪು, ಬೇರು, ಶಾಖ. ಚರಕನೇ ವಾತಹರ ದ್ರವ್ಯಗಳಲ್ಲಿ ಹರಳಿನ ಬೇರನ್ನು ಶ್ರೇಷ್ಠವೆಂದಿರುವುದು, ಶೂಲಪ್ರಶಮನ ಗಣದಲ್ಲಿ ಹಿಪ್ಪಲಿ, ಶುಂಠಿ, ಮೆಣಸುಗಳನ್ನು ಸೇರಿಸಿರುವುದು ಜೈನ ವೈದ್ಯರಿಗೆ ದಾರಿ ತೆರೆಯಿತು. ನಿಷೇಧದಿಂದ ವೈದ್ಯವು ಬಡವಾಗಲಿಲ್ಲ. ಸಸ್ಯದ್ರವ್ಯಗಳ ಅರಿವು ಮತ್ತಷ್ಟು ಸೂಕ್ಷ್ಮವಾಯಿತು. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣದಲ್ಲಿ ವಿಷವೈದ್ಯವೂ, ಸಾಳ್ವನ ವೈದ್ಯಸಾಂಗತ್ಯದಲ್ಲಿ ಜನಸಾಮಾನ್ಯರ ಛಂದಸ್ಸಿನಲ್ಲಿ ವೈದ್ಯವೂ ಮುಂದುವರಿದವು.

ಮನೆಯ ಮದ್ದು

ಗ್ರಂಥಗಳ ಈ ಅರಿವು ಮತ್ತು ಹಳ್ಳಿಯ ಬಳಕೆ ಒಂದನ್ನೊಂದು ಪೋಷಿಸಿದವು. ಮಂಡ್ಯ ಸೀಮೆಯ ಒಣಭೂಮಿಯ ಹಳ್ಳಿಗಳಲ್ಲಿ ರಾಗಿ ಹೊಲದ ಬದಿಯಲ್ಲಿ ಬೆಳೆಯುವ ಹರಳು, ಬೇಲಿಯ ಲಕ್ಕಿ, ಪಾಳುನೆಲದ ಎಕ್ಕ, ಊರ ಮುಂದಿನ ಹುಣಸೆ, ಹೊಂಗೆ, ಬೇವು ಇವೇ ದಿನನಿತ್ಯದ ಔಷಧಶಾಲೆ. ಲಕ್ಕಿಸೊಪ್ಪನ್ನು ಕುದಿಸಿದ ನೀರಿನ ಸ್ನಾನ ಮೈಕೈ ನೋವಿಗೆ, ಎಣ್ಣೆ ಸವರಿ ಬಿಸಿಮಾಡಿದ ಎಕ್ಕದ ಎಲೆ ಮಂಡಿಗೆ, ಉಳುಕಿಗೆ ಹುಣಸೆಸೊಪ್ಪಿನ ಬಿಸಿನೀರು, ಸೊಂಟಕ್ಕೆ ಹುರಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಕೊಡುವ ಶಾಖ, ತಲೆನೋವಿಗೆ ಸಾಣೆಕಲ್ಲಿನ ಮೇಲೆ ತೇಯ್ದ ಒಣಶುಂಠಿಯ ಪಟ್ಟು, ಹೊಟ್ಟೆನೋವಿಗೆ ಓಮ, ಮಗುವಿನ ಹೊಕ್ಕುಳ ಸುತ್ತ ಇಂಗು, ಹಲ್ಲುನೋವಿಗೆ ಲವಂಗ. ಲವಂಗದಲ್ಲಿರುವ ಯುಜೆನಾಲನ್ನು ಇಂದಿನ ದಂತವೈದ್ಯರೂ ಬಳಸುತ್ತಾರೆ. ಶಾಖ ಮತ್ತು ನೀವುವಿಕೆಯಿಂದ ಬಿಗಿದ ಸ್ನಾಯು ಸಡಿಲವಾಗುವುದನ್ನು ಆಧುನಿಕ ಚಿಕಿತ್ಸಾಪದ್ಧತಿಯೂ ಒಪ್ಪುತ್ತದೆ.

ಜೈನ ಮನೆಗಳಲ್ಲಿ ಈ ಮದ್ದುಗಳಿಗೆ ತಮ್ಮದೇ ಆದ ಕಟ್ಟಳೆಗಳಿದ್ದವು. ಕಿವಿನೋವಿಗೆ ನೆರೆಹೊರೆಯವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರೆ, ಕಂದಮೂಲಗಳನ್ನು ತ್ಯಜಿಸಿದ ಮನೆಯಲ್ಲಿ ಬೆಳ್ಳುಳ್ಳಿಗೆ ಪ್ರವೇಶವಿರಲಿಲ್ಲ. ಹಸಿಶುಂಠಿ ವರ್ಜ್ಯ, ಒಣಗಿದ ಶುಂಠಿ ಗ್ರಾಹ್ಯ. ಚೂರ್ಣವನ್ನು ಜೇನಿನಲ್ಲಿ ಕಲಸುವ ಬದಲು ಬೆಲ್ಲ ಅಥವಾ ಸಕ್ಕರೆಯ ಪಾಕದಲ್ಲಿ ಕಲಸುತ್ತಿದ್ದರು. ರಾತ್ರಿಭೋಜನ ತ್ಯಾಗ ಮಾಡಿದವರು ಕಷಾಯವನ್ನು ಹೊತ್ತು ಮುಳುಗುವ ಮೊದಲೇ ಕುಡಿದು ಮುಗಿಸಬೇಕಾಗಿತ್ತು. ರಾತ್ರಿ ನೋವು ಹೆಚ್ಚಿದರೆ ಲೇಪ, ಶಾಖಗಳೇ ಗತಿ. ಹೊರಗಿನ ಚಿಕಿತ್ಸೆಗೆ ಈ ಮನೆಗಳಲ್ಲಿ ದೊರೆತ ಮಹತ್ತ್ವಕ್ಕೆ ಈ ವ್ರತವೂ ಒಂದು ಕಾರಣ.

ಶ್ರೀರಂಗಪಟ್ಟಣದಿಂದ ಗುಳಿಗೆಯವರೆಗೆ

ಹದಿನೆಂಟನೆಯ ಶತಮಾನದ ಕೊನೆಗೆ ಶ್ರೀರಂಗಪಟ್ಟಣದಲ್ಲಿ ಹಲವು ವೈದ್ಯಪದ್ಧತಿಗಳು ಎದುರುಬದುರಾದವು. 1799ರಲ್ಲಿ ಕೋಟೆ ಬಿದ್ದ ಮೇಲೆ ಇಂಗ್ಲಿಷರ ವಶವಾದ ಟಿಪ್ಪು ಸುಲ್ತಾನನ ಗ್ರಂಥಭಂಡಾರದ ಪಟ್ಟಿಯನ್ನು ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಪ್ರಕಟಿಸಿದನು. ಅದರಲ್ಲಿ ವೈದ್ಯಶಾಸ್ತ್ರದ 62 ಕೃತಿಗಳಿವೆ. ಆಗ ಹಿರೋಡೆಯೆನಿಸಿದ್ದ ಪಾಂಡವಪುರಕ್ಕೆ, ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಪಡೆಗಳಿಂದಾಗಿ, ಫ್ರೆಂಚ್ ರಾಕ್ಸ್ ಎಂಬ ಹೆಸರೂ ಬಂದಿತ್ತು. 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ವೃತ್ತಿಯಿಂದ ವೈದ್ಯ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥವು ಈ ಸೀಮೆಯ ಬೆಳೆಗಳನ್ನೂ ಹರಳೆಣ್ಣೆ ತೆಗೆಯುವ ರೀತಿಯನ್ನೂ ದಾಖಲಿಸುತ್ತದೆ. ಹರಳುಬೀಜದಲ್ಲಿ ಘೋರವಾದ ವಿಷವಿದ್ದರೂ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆದ ಎಣ್ಣೆ ನಿರಪಾಯಕರ. ಆ ಅರಿವು ಮನೆಯ ಹೆಂಗಸರಿಗೆ ರಸಾಯನಶಾಸ್ತ್ರ ಹುಟ್ಟುವ ಮೊದಲೇ ಇತ್ತು. ಇತ್ತ ಇಂಗ್ಲಿಷ್ ದಂಡಿಗೆ ದ್ವೀಪದ ಜ್ವರವನ್ನು ತಡೆಯಲಾಗಲಿಲ್ಲ. 1809ರ ಹೊತ್ತಿಗೆ ಬೆಂಗಳೂರಿನಲ್ಲಿ ದಂಡುಪ್ರದೇಶ ಸ್ಥಾಪಿತವಾಗಲು ಅದೂ ಒಂದು ಕಾರಣವಾಯಿತು.

ಯುರೋಪಿನ ನೋವುನಿವಾರಕದ ಕಥೆಯೂ ಮರದ ತೊಗಟೆಯಿಂದಲೇ ಆರಂಭವಾಗುತ್ತದೆ. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಪಾದ್ರಿ ವಿಲೋ ಮರದ ತೊಗಟೆಯಿಂದ ಜ್ವರ ಇಳಿಯುವುದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದನು. 1828ರಲ್ಲಿ ಅದರ ಸಾರವಾದ ಸ್ಯಾಲಿಸಿನ್ ಬೇರ್ಪಟ್ಟಿತು. 1899ರಲ್ಲಿ ಬೇಯರ್ ಸಂಸ್ಥೆ ಆಸ್ಪಿರಿನ್ನನ್ನು ಮಾರುಕಟ್ಟೆಗೆ ತಂದಿತು. ಚರಕನ ವೇದನಾಸ್ಥಾಪನ ಗಣದಲ್ಲಿ ಬರುವ ವಂಜುಳವನ್ನು ಕೆಲವರು ವೇತಸವೆಂದೂ, ವೇತಸವನ್ನು ವಿಲೋ ಜಾತಿಯ ಮರವೆಂದೂ ಗುರುತಿಸುತ್ತಾರೆ. ಆದರೆ ವಂಜುಳಕ್ಕೆ ಅಶೋಕವೆಂಬ ಅರ್ಥವೂ ಇದೆ. ಇಷ್ಟರ ಆಧಾರದ ಮೇಲೆ ನಮ್ಮ ಪ್ರಾಚೀನರು ಆಸ್ಪಿರಿನ್ನನ್ನು ಬಲ್ಲರು ಎಂದು ಹೇಳುವುದು ಸಂಶೋಧನೆಗೆ ತಕ್ಕ ಮಾತಲ್ಲ. ಸಸ್ಯದ ಗುಣವನ್ನು ಅನುಭವದಿಂದ ಅರಿಯುವುದು ಬೇರೆ, ಅದರ ಸಾರವನ್ನು ಬೇರ್ಪಡಿಸಿ ಪ್ರಮಾಣ ನಿಗದಿಪಡಿಸುವುದು ಬೇರೆ; ಎರಡಕ್ಕೂ ಅವುಗಳದೇ ಗೌರವ ಸಲ್ಲಬೇಕು. ಕಾಶೀನಾಥುನಿ ನಾಗೇಶ್ವರರಾವ್ 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನವು ಇವೆರಡರ ನಡುವಿನ ಸೇತುವೆ. ಸಾಣೆಕಲ್ಲಿನ ಪಟ್ಟು ಮಾಡುತ್ತಿದ್ದ ಕೆಲಸವನ್ನು ಒಂದು ಪುಟ್ಟ ಶೀಶೆ ವಹಿಸಿಕೊಂಡಿತು.

ಗುಳಿಗೆ ಸುಲಭವಾದಂತೆ ನೋವನ್ನು ಕ್ಷಣಕಾಲವೂ ಸಹಿಸದ ಅಭ್ಯಾಸ ಬೆಳೆಯಿತು. ಕಬ್ಬು ಕಡಿದು, ನಾಟಿ ಹಾಕಿ ದಣಿದ ಮೈಗೆ ವಿಶ್ರಾಂತಿಯ ಬದಲು ಅಂಗಡಿಯ ಮಾತ್ರೆ ಸಲ್ಲತೊಡಗಿತು. ಮಿತಿಮೀರಿದ ನೋವುನಿವಾರಕಗಳಿಂದ ಜಠರದ ಹುಣ್ಣು, ಮೂತ್ರಪಿಂಡದ ಹಾನಿ ಉಂಟಾಗುವುದು ಇಂದು ಸರ್ವವಿದಿತ.

ಗೋವೈದ್ಯ ಮತ್ತು ರಣಹದ್ದು

ಔಷಧದ ಹಿಂದಿರುವ ಹಿಂಸೆಯ ಪ್ರಶ್ನೆ ಹಳೆಯ ಗ್ರಂಥಗಳೊಡನೆ ಮುಗಿಯಲಿಲ್ಲ. ಚಾಳುಕ್ಯ ರಾಜಕುಮಾರನೂ ಜೈನನೂ ಆದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಕನ್ನಡದಲ್ಲಿ ಗೋವೈದ್ಯವನ್ನು ಬರೆದನು. ಮಾತು ಬಾರದ ಪಶುವಿನ ನೋವೂ ವೈದ್ಯಕ್ಕೆ ವಿಷಯವೆಂದು ಸಾರಿದ ಕೃತಿಯದು. ನಾಗಮಂಗಲದ ಹಳ್ಳಿಕಾರ್ ತಳಿ, ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆ, ಶ್ರೀರಂಗಪಟ್ಟಣದ ಅರಸರು ಸಾಕಿದ ಬೆಣ್ಣೆಚಾವಡಿಯ ಹಿಂಡು ಮುಂದೆ ಅಮೃತಮಹಲ್ ಆದದ್ದು, ಇವೆಲ್ಲ ದನಕರುಗಳೊಡನೆ ಬೆಸೆದ ಈ ಸೀಮೆಯ ಬದುಕಿಗೆ ಸಾಕ್ಷಿ.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ದನಗಳ ಕಾಲುನೋವು, ಬಾವುಗಳಿಗೆ ಡೈಕ್ಲೋಫಿನಾಕ್ ಎಂಬ ಅಗ್ಗದ ಔಷಧ ದೇಶದಾದ್ಯಂತ ಬಳಕೆಗೆ ಬಂದಿತು. ಅದನ್ನು ಕೊಟ್ಟವರ ಉದ್ದೇಶ ಕರುಣೆಯೇ. ಆದರೆ ಆ ಔಷಧ ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯತೊಡಗಿದವು. 1990ರ ದಶಕದಿಂದ ಭಾರತದ ಮೂರು ಜಾತಿಯ ರಣಹದ್ದುಗಳ ಸಂಖ್ಯೆ ಶೇಕಡ 95ಕ್ಕಿಂತ ಹೆಚ್ಚು ಕುಸಿಯಿತು. ಕಾರಣವನ್ನು ವಿಜ್ಞಾನಿಗಳು 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. 2006ರಲ್ಲಿ ಪಶುಗಳಿಗಾಗಿ ಅದರ ತಯಾರಿಕೆಯನ್ನು ಭಾರತ ಸರ್ಕಾರ ನಿಷೇಧಿಸಿತು. ಅದೇ ಬಗೆಯ ಹಾನಿ ಮಾಡುವ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫಿನಾಕ್‌ಗಳ ಪಶುಬಳಕೆಗೆ 2023ರಲ್ಲಿ ತಡೆ ಬಿದ್ದಿತು. ಹದ್ದುಗಳಿಗೆ ಅಪಾಯ ಮಾಡದ ಮೆಲಾಕ್ಸಿಕಾಮ್ ಬದಲಿ ಔಷಧವಾಗಿದೆ. ಮಂಡ್ಯದ ಪೂರ್ವಕ್ಕಿರುವ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು.

ಹಿತಾಹಿತಾಧ್ಯಾಯದ ವಾದಕ್ಕೂ ಈ ನಿಷೇಧಕ್ಕೂ ನಡುವೆ ಸಾವಿರ ವರ್ಷಗಳಿಗಿಂತ ಹೆಚ್ಚಿನ ಅಂತರವಿದೆ. ಒಂದರ ಆಧಾರ ಆಗಮ, ಇನ್ನೊಂದರದು ಪ್ರಯೋಗಾಲಯ. ಆದರೂ ಎರಡೂ ಕೇಳುವ ಪ್ರಶ್ನೆ ಒಂದೇ: ಈ ನೋವನ್ನು ಕಳೆಯುವ ಮದ್ದು ಇನ್ನಾವ ಜೀವಕ್ಕೆ ನೋವಾಗುತ್ತದೆ? ಉಗ್ರಾದಿತ್ಯರು ಔಷಧದ ಮೂಲದ ಹಿಂಸೆಯನ್ನು ಕಂಡರು. ಇಂದಿನ ವಿಜ್ಞಾನ ಅದರ ಪರಿಣಾಮದಲ್ಲಿ ಅಡಗಿದ ಹಿಂಸೆಯನ್ನೂ ತೋರಿಸಿಕೊಟ್ಟಿತು. ಮೆಲಾಕ್ಸಿಕಾಮ್ ದೊರೆತುದರಿಂದ ದನದ ನೋವನ್ನು ಕಡೆಗಣಿಸದೆಯೇ ಹದ್ದನ್ನು ಉಳಿಸುವುದು ಸಾಧ್ಯವಾಯಿತು. ವಸೆ, ಮಜ್ಜೆಗಳನ್ನು ಬಿಟ್ಟು ಹರಳೆಣ್ಣೆಯನ್ನು ಹಿಡಿದ ಜೈನ ವೈದ್ಯನು ಮಾಡಿದ್ದೂ ಇಂಥದೇ ಆಯ್ಕೆ. ಲಕ್ಷ್ಮೀಮತಿ, ದೇಮತಿಯರ ಶಾಸನಗಳಲ್ಲಿರುವ ಭೈಷಜ್ಯ ಎಂಬ ಪದವನ್ನು ಈ ಹಿನ್ನೆಲೆಯಲ್ಲಿ ಓದಿದಾಗ ಅದು ಪ್ರಶಸ್ತಿಯ ಅಲಂಕಾರವಾಗಿ ಉಳಿಯುವುದಿಲ್ಲ. ಈ ಸೀಮೆಯ ಬಸದಿಗಳ ದತ್ತಿಶಾಸನಗಳನ್ನೂ ಕನ್ನಡದ ವೈದ್ಯಗ್ರಂಥಗಳನ್ನೂ ಒಟ್ಟಿಗೆ ಇಟ್ಟು ನೋಡುವ ಅಧ್ಯಯನಗಳು ನಡೆದರೆ, ನಾಲ್ಕು ದಾನಗಳಲ್ಲಿ ಈ ಒಂದರ ಚರಿತ್ರೆಗೂ ಸಲ್ಲಬೇಕಾದ ಸ್ಥಾನ ಸಂದೀತು.